ಬಾವಿ ನೀರಲ್ಲಿ ಪೆಟ್ರೋಲ್ ವಾಸನೆ: ಮಣ್ಣಿಂದ ಆವಿ ಹೀರಿ ತೆಗೆಯುತ್ತೇವೆ ಅಂತಿದ್ದಾರೆ, ಮಲೆನಾಡ ಮಣ್ಣಲ್ಲಿ ಇದು ಆಗುತ್ತಾ?

ಬಾವಿಮನೆ_ತೀರ್ಥಹಳ್ಳಿ:
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನವನು, ಊರಿನ ಹೆಸರು ಸದ್ಯಕ್ಕೆ ಬೇಡ. ನಮ್ಮ ಮನೆ, ತೋಟ ಎರಡೂ ರಸ್ತೆಯಿಂದ ಕೆಳಗೆ ಇಳಿಜಾರಿನಲ್ಲಿವೆ. ಮೇಲೆ ರಸ್ತೆ ಪಕ್ಕ ಒಂದು ಪೆಟ್ರೋಲ್ ಬಂಕ್ ಇದೆ. ಅದರ ಟ್ಯಾಂಕಿಗೂ ನಮ್ಮ ಬಾವಿಗೂ ಸುಮಾರು 40 ಮೀಟರ್ ದೂರ.

ನೀರು ತುಂಬುವ ಹಬ್ಬದ ದಿನ ಅಮ್ಮ ಬಾವಿಗೆ ಪೂಜೆ ಮಾಡಿ ಹಂಡೆ ತುಂಬಿಸುತ್ತಿದ್ದರು. ಮೂರನೇ ಕೊಡ ಎತ್ತಿದವರು ಹಾಗೇ ನಿಂತುಬಿಟ್ಟರು. "ಯಾರಾದ್ರೂ ಇಲ್ಲಿ ಬೈಕ್ ತೊಳೆದ್ರೇನೋ?" ಅಂತ ಕೇಳಿದರು. ಹೋಗಿ ನೋಡಿದೆ. ತಾಮ್ರದ ಕೊಡದ ಬಾಯಲ್ಲಿ, ನೀರಿನ ಅಂಚಿಗೆ, ಕಾಮನಬಿಲ್ಲಿನ ಬಣ್ಣದ ತೆಳು ಪದರ. ಬೆರಳಾಡಿಸಿದರೆ ಒಡೆದು ಮತ್ತೆ ಕೂಡಿಕೊಳ್ಳುತ್ತಿತ್ತು. ಬೆರಳು ಮೂಸಿದರೆ ಪೆಟ್ರೋಲ್.

ಬಂಕಿನವರು ಮೊದಲು ಒಪ್ಪಲಿಲ್ಲ. ಆಮೇಲೆ ಅಗೆದು ನೋಡಿದರೆ ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪಿನ ಒಂದು ಜಾಯಿಂಟ್ ಸೋರುತ್ತಿತ್ತು. ಅದನ್ನು ಬದಲಾಯಿಸಿದ್ದಾರೆ. ಎಷ್ಟು ದಿನದಿಂದ ಸೋರುತ್ತಿತ್ತು ಅಂತ ಬಾಯಿ ಬಿಡುತ್ತಿಲ್ಲ. ಈಗ ಅವರು ಕರೆಸಿದ ಗುತ್ತಿಗೆದಾರರು, ನೆಲಕ್ಕೆ ಪೈಪ್ ಇಳಿಸಿ ಮಣ್ಣಲ್ಲಿರುವ ಪೆಟ್ರೋಲ್ ಆವಿಯನ್ನು ಮೋಟರ್ ಹಾಕಿ ಹೀರಿ ತೆಗೆಯುತ್ತೇವೆ ಅನ್ನುತ್ತಿದ್ದಾರೆ. ಎರಡು ಪೈಪ್ ನಮ್ಮ ತೋಟದಲ್ಲಿ ಬರಬೇಕಂತೆ. ಅದಕ್ಕೆ ನನ್ನ ಸಹಿ ಬೇಕು.

ಇದು ನಿಜವಾಗಿ ಆಗುವ ಕೆಲಸವಾ? ನಮ್ಮ ಮಣ್ಣು, ನಮ್ಮ ಮಳೆ ಗೊತ್ತಿದ್ದವರು ಹೇಳಿ. ಇನ್ನೊಂದು ಮಾತು, ಅಡಿಕೆ ಬೇಯಿಸುವ ಕಾಲ ಶುರುವಾಗಿದೆ. ಕುಡಿಯಲು ಬಳಸುತ್ತಿಲ್ಲ, ಅಡಿಕೆಗಾದರೂ ಈ ನೀರು ಆಗಬಹುದಾ?

ಹೊಸನಗರ_ಮೇಷ್ಟ್ರು:
ಬೇಡ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತಿದ್ದೇನೆ, ಯಾಕೆಂದರೆ ಅದೇ ಅವಸರದ್ದು. ಅಡಿಕೆಗೂ ಬೇಡ, ಸ್ನಾನಕ್ಕೂ ಬೇಡ, ಪಾತ್ರೆ ತೊಳೆಯಲೂ ಬೇಡ. ಪೆಟ್ರೋಲಿನಲ್ಲಿ ಬೆಂಜೀನ್ ಇರುತ್ತದೆ, ಅದು ಕ್ಯಾನ್ಸರ್ ತರುವ ವಸ್ತು. 80 ಡಿಗ್ರಿಗೇ ಕುದಿಯುತ್ತದೆ. ನೀವು ಹಂಡೆಯಲ್ಲಿ ನೀರು ಕಾಯಿಸಿದರೆ ಅದು ನೀರಿಂದ ಹೊರಟು ಒಲೆ ಮುಂದೆ ಕೂತವರ ಮೂಗಿಗೆ ಹೋಗುತ್ತದೆ.

ಬಾವಿಗೆ ಯಾರೂ ಇಳಿಯಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಬಾವಿಯ ತಳದಲ್ಲಿ ಕೆರೆ ಥರ ನಿಂತಿರುತ್ತದೆ.

ರಿಪ್ಪನ್‌ಪೇಟೆ_ರೈತ:
ಪೈಪು, ಮೋಟರು ಎಲ್ಲ ಯಾಕೆ ಮಾರಾಯ್ರೆ? ಒಂದು ಜೆಸಿಬಿ ತರಿಸಿ ವಾಸನೆ ಬರುವ ಮಣ್ಣು ಅಷ್ಟನ್ನೂ ತೆಗೆಸಿ, ಹೊಸ ಮಣ್ಣು ತುಂಬಿಸಿ. ಎರಡು ದಿನದ ಕೆಲಸ. ಗಾಳಿ ಎಳೆದು ಪೆಟ್ರೋಲ್ ತೆಗೀತೀವಿ ಅಂದ್ರೆ ನನಗೆ ನಂಬಿಕೆ ಬರೋದಿಲ್ಲ.

ಸೊರಬ_ಸೀಮೆ:
ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಎರಡು ಸಲ ನೀರು ಖಾಲಿ ಮಾಡಿದರೆ ಸರಿಹೋಗಬಹುದು ಅಲ್ವಾ? ನಮ್ಮ ಬಾವಿಗೆ ಇಲಿ ಬಿದ್ದಾಗ ಹಾಗೇ ಮಾಡಿದ್ದೆವು.

ಹೊಸನಗರ_ಮೇಷ್ಟ್ರು:
ಇಲಿ ಬಿದ್ದರೆ ಸಮಸ್ಯೆ ಕ್ರಿಮಿಗಳದ್ದು, ಬ್ಲೀಚಿಂಗ್ ಪೌಡರ್ ಅದಕ್ಕೆ ಸರಿ. ಪೆಟ್ರೋಲಿಗೆ ಅದು ಮದ್ದಲ್ಲ. ಇನ್ನು ಬಾವಿ ಖಾಲಿ ಮಾಡುವುದು. ಖಾಲಿ ಮಾಡಿದಷ್ಟೂ ಮೇಲಿನ ಮಣ್ಣಲ್ಲಿರುವ ಪೆಟ್ರೋಲ್ ಬಾವಿ ಕಡೆಗೇ ಬೇಗ ಹರಿದು ಬರುತ್ತದೆ. ತೆಗೆದ ನೀರನ್ನು ಎಲ್ಲಿ ಚೆಲ್ಲುತ್ತೀರಿ? ತೋಟದ ಕಾಲುವೆಗೋ ಹಳ್ಳಕ್ಕೋ ತಾನೇ? ದಯವಿಟ್ಟು ಹಾಗೆ ಮಾಡಬೇಡಿ.

ಬ್ಲೋವರ್_ಭದ್ರಾವತಿ:
ನಾನು ಈ ಕೆಲಸ ಮಾಡಿದವನು. ಬೇರೆ ರಾಜ್ಯದ ಒಂದು ಹಳೆ ಡಿಪೋದಲ್ಲಿ ಎರಡು ವರ್ಷ ಇದ್ದೆ. ಇದನ್ನು ಸಾಯ್ಲ್ ವೇಪರ್ ಎಕ್ಸ್‌ಟ್ರಾಕ್ಷನ್ ಅನ್ನುತ್ತಾರೆ, ಎಸ್‌ವಿಇ ಅಂದರೆ ಎಲ್ಲರಿಗೂ ಗೊತ್ತು. ಮೋಸದ ವಿಧಾನ ಅಲ್ಲ, ಹಲವು ದೇಶಗಳಲ್ಲಿ ಬಂಕ್ ಸೋರಿದಾಗ ಇದನ್ನೇ ಬಳಸುತ್ತಾರೆ.

ನೆಲದಲ್ಲಿ ಬೋರ್ ಹಾಕಿ ಪಿವಿಸಿ ಪೈಪ್ ಇಳಿಸುತ್ತಾರೆ. ಪೈಪಿನ ಕೆಳಭಾಗಕ್ಕೆ ಮಾತ್ರ ಸಣ್ಣ ಸೀಳುಗಳಿರುತ್ತವೆ. ಸೀಳಿರುವ ಕಡೆ ಸುತ್ತ ಮರಳು ಅಥವಾ ಸಣ್ಣ ಜಲ್ಲಿ. ಅದರ ಮೇಲೆ ಬೆಂಟೊನೈಟ್ ಜೇಡಿ ತುಂಬಿ ಬಿಗಿಯಾಗಿ ಮುಚ್ಚುತ್ತಾರೆ, ಇಲ್ಲದಿದ್ದರೆ ಮೇಲಿನ ಗಾಳಿಯನ್ನೇ ಎಳೆಯುತ್ತಾ ಕೂರುತ್ತದೆ. ಪೈಪಿನ ತಲೆಗೆ ಬ್ಲೋವರ್ ಕಟ್ಟುತ್ತಾರೆ. ಅದು ಮಣ್ಣಿನ ಕಣಗಳ ಸಂದಿಯಲ್ಲಿರುವ ಗಾಳಿಯನ್ನು ಎಳೆದಂತೆ ಸುತ್ತಲಿಂದ ಹೊಸ ಗಾಳಿ ಬಂದು ಸೇರುತ್ತದೆ. ಒದ್ದೆ ಬಟ್ಟೆ ಗಾಳಿಗೆ ಒಣಗುತ್ತದಲ್ಲ, ಹಾಗೆ ಮಣ್ಣಿಗೆ ಅಂಟಿದ ಪೆಟ್ರೋಲ್ ಆವಿಯಾಗಿ ಗಾಳಿ ಜೊತೆ ಹೊರಗೆ ಬರುತ್ತದೆ. ಬಂದ ಗಾಳಿಯನ್ನು ಹಾಗೇ ಬಿಡುವಂತಿಲ್ಲ. ಆಕ್ಟಿವೇಟೆಡ್ ಕಾರ್ಬನ್ ಅಂದರೆ ವಿಶೇಷ ಇದ್ದಿಲು ತುಂಬಿದ ಡ್ರಮ್ಮಿನ ಮೂಲಕ ಹಾಯಿಸಬೇಕು, ಇಲ್ಲವೇ ಸುಡುವ ಯಂತ್ರಕ್ಕೆ ಕೊಡಬೇಕು.

ಬ್ಲೋವರಿಗೂ ಪೈಪಿಗೂ ನಡುವೆ ನೀರು ಹಿಡಿಯುವ ಒಂದು ಡ್ರಮ್ ಇರುತ್ತದೆ. ಬೆಳಿಗ್ಗೆ ಹೋದ ಕೂಡಲೇ ಅದರ ಕೆಳಗಿನ ನಲ್ಲಿ ಬಿಚ್ಚಿ ಖಾಲಿ ಮಾಡುವುದು ನನ್ನ ಮೊದಲ ಕೆಲಸವಾಗಿತ್ತು. ಬೇಸಿಗೆಯಲ್ಲಿ ಒಂದು ಚೊಂಬು ನೀರು ಬರುತ್ತಿತ್ತು. ಮಳೆ ಹಿಡಿದ ವಾರ ಎರಡು ಬಕೆಟ್, ಮೇಲೆ ಬಣ್ಣದ ಪದರ. ಆಮೇಲೆ ಒಂದು ದಿನ ಡ್ರಮ್ ತುಂಬಿ ಬ್ಲೋವರ್ ತಾನಾಗೇ ನಿಂತಿತ್ತು. ಪೈಪಿನ ಸೀಳೆಲ್ಲ ನೀರಲ್ಲಿ ಮುಳುಗಿದ್ದವು. ಅಲ್ಲಿಯ ಮಳೆ ನಮ್ಮ ಮಳೆಯ ಮುಂದೆ ಏನೂ ಅಲ್ಲ. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆದರಿಕೆ ಇರುವುದು ಮಣ್ಣಿಗಿಂತ ಮಳೆ ಬಗ್ಗೆ.

ಆಗುಂಬೆ_ಮಳೆ:
ಅದೇ ಹೇಳಲು ಬಂದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ತೀರ್ಥಹಳ್ಳಿ ಕಡೆ ಅಷ್ಟಿಲ್ಲ, ಆದರೂ ಆಷಾಢದಲ್ಲಿ ಬಾವಿಕಟ್ಟೆಗೆ ಬಗ್ಗಿ ಕೈಯಲ್ಲೇ ನೀರು ಮೊಗೆಯುವ ಮನೆಗಳಿವೆ. ನೀರು ನೆಲದ ಮಟ್ಟಕ್ಕೆ ಬಂದ ಮೇಲೆ ಗಾಳಿ ಎಳೆಯಲು ಒಣ ಮಣ್ಣು ಎಲ್ಲಿರುತ್ತದೆ?

ಬ್ಲೋವರ್_ಭದ್ರಾವತಿ:
ಇರುವುದಿಲ್ಲ. ಎಸ್‌ವಿಇ ನಡೆಯುವುದು ಅಂತರ್ಜಲದ ಮೇಲಿರುವ ಮಣ್ಣಲ್ಲಿ ಮಾತ್ರ. ಅದಕ್ಕೇ ನಿಮ್ಮ ಕಡೆ ಡಿಸೆಂಬರಿಂದ ಮೇ ಕೊನೆವರೆಗೆ ಇರುವ ಒಣ ತಿಂಗಳುಗಳೇ ಬಂಡವಾಳ. ಪೈಪ್ ಹಾಕುವುದನ್ನು ಮಾರ್ಚಿಗೆ ತಳ್ಳಿದರೆ ಈ ವರ್ಷ ಹೋಯಿತು ಅಂತಲೇ ಲೆಕ್ಕ.

ಜಂಬಿಟ್ಟಿಗೆ_ಸಾಗರ:
ನಮ್ಮ ಮನೆತನದವರು ಬಾವಿ ತೋಡುವವರು. ನನ್ನ ಕಣ್ಣಿಗೆ ಮಲೆನಾಡ ಮಣ್ಣು ಅಂತ ಒಂದು ಮಣ್ಣಿಲ್ಲ. ಮೇಲೆ ಕೆಂಪು ಮಣ್ಣು, ಕೆಳಗೆ ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಶೇಡಿ. ಜಂಬಿಟ್ಟಿಗೆ ತುಂಬಾ ತೂತು, ಗೆದ್ದಲು ತಿಂದ ಮರದ ಹಾಗೆ. ಅದರಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ. ಶೇಡಿ ಬಿಳಿ, ಹಳದಿ, ನುಣುಪು. ಅಂಗೈಯಲ್ಲಿ ಉಜ್ಜಿದರೆ ಪೌಡರ್ ಥರ. ಒದ್ದೆಯಾದರೆ ನೀರನ್ನೂ ಬಿಡುವುದಿಲ್ಲ, ಗಾಳಿಯನ್ನೂ ಬಿಡುವುದಿಲ್ಲ. ಪೆಟ್ರೋಲ್ ಜಂಬಿಟ್ಟಿಗೆಯಲ್ಲಿ ಇಳಿದು ಶೇಡಿ ಮೇಲೆ ನಿಂತು ಅಲ್ಲಿಂದ ಇಳಿಜಾರಿಗೆ ಜಾರಿರಬೇಕು. ಹಾಗಾಗಿಯೇ 40 ಮೀಟರ್ ದೂರದ ಬಾವಿಗೆ ಬಂದಿದೆ.

ನಿಮ್ಮ ಬಾವಿ ತೋಡುವಾಗ ಎಷ್ಟು ಅಡಿಗೆ ಶೇಡಿ ಸಿಕ್ಕಿತ್ತು ಅಂತ ಮನೆಯ ಹಿರಿಯರನ್ನು ಕೇಳಿ. ಗುತ್ತಿಗೆದಾರರಿಗೆ ಅದು ಗೊತ್ತಿರುವುದಿಲ್ಲ.

ಬ್ಲೋವರ್_ಭದ್ರಾವತಿ:
ಒಳ್ಳೆ ಮಾತು. ಆದರೆ ಒಂದು ತಿದ್ದುಪಡಿ. ತೂತು ಜಾಸ್ತಿ ಇದ್ದರೆ ಒಳ್ಳೆಯದು ಅಂತಲೇ ಹೇಳಲಾಗದು. ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ದೊಡ್ಡ ತೂತಿನಲ್ಲೇ ಓಡುತ್ತದೆ, ಪಕ್ಕದ ಗಟ್ಟಿ ಭಾಗದಲ್ಲಿರುವ ಪೆಟ್ರೋಲ್ ಹಾಗೇ ಉಳಿಯುತ್ತದೆ. ಅದಕ್ಕೆ ಮೊದಲು ಒಂದೇ ಪೈಪ್ ಹಾಕಿ ಪರೀಕ್ಷೆ ಮಾಡಬೇಕು. ಸುತ್ತ ಬೇರೆ ಬೇರೆ ದೂರದಲ್ಲಿ ಸಣ್ಣ ಪೈಪ್ ಇಳಿಸಿ, ಎಳೆತ ಎಷ್ಟು ದೂರ ಮುಟ್ಟುತ್ತದೆ ಅಂತ ಅಳೆಯುತ್ತಾರೆ. ಆ ಅಳತೆ ಆದ ಮೇಲೆ ತಾನೇ ಆರು ಪೈಪ್ ಸಾಕಾ ಹತ್ತು ಬೇಕಾ ಅಂತ ಹೇಳಲು ಬರುವುದು? ನಿಮಗೆ ಎರಡು ಪೈಪ್ ಅಂತ ಹೇಳಿದ್ದು ಯಾವ ಪರೀಕ್ಷೆಯ ಮೇಲೆ ಅಂತ ಕೇಳಿ.

ಇತಿಹಾಸದ_ಇಕ್ಕೇರಿ:
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಕ್ಷಮಿಸಿ. ಜಂಬಿಟ್ಟಿಗೆಗೆ ಲ್ಯಾಟರೈಟ್ ಅಂತ ಹೆಸರು ಕೊಟ್ಟವರು ಫ್ರಾನ್ಸಿಸ್ ಬುಕನನ್. ಕೇರಳದ ಅಂಗಡಿಪುರದಲ್ಲಿ ಜನ ಅದನ್ನು ಕತ್ತರಿಸಿ ಮನೆ ಕಟ್ಟುವುದನ್ನು ನೋಡಿ, ಇಟ್ಟಿಗೆ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಆ ಹೆಸರು ಇಟ್ಟರು. ಅದು ಅಚ್ಚಾಗಿದ್ದು 1807ರಲ್ಲಿ. ಅದೇ ಪ್ರವಾಸದಲ್ಲಿ ನಮ್ಮ ನಗರ, ಇಕ್ಕೇರಿ ಕಡೆಗೂ ಬಂದಿದ್ದರು. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ ನೋಡಿ.

ಜಂಬಿಟ್ಟಿಗೆ_ಸಾಗರ:
ಹೊಸದಾಗಿ ಕತ್ತರಿಸಿದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ನಮ್ಮ ಹಳೆ ಮನೆ ಗೋಡೆ ಪೂರ್ತಿ ಅದೇ. ಈಗ ಎಲ್ಲರೂ ಸಿಮೆಂಟ್ ಬ್ಲಾಕಿಗೆ ಹೋಗುತ್ತಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿರ್ವಾಹಕ:
ಜಂಬಿಟ್ಟಿಗೆ ಮನೆಗಳ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ. ಇಲ್ಲಿ ಬಾವಿ ವಿಷಯ ಮುಂದುವರಿಯಲಿ.

ರಿಪ್ಪನ್‌ಪೇಟೆ_ರೈತ:
ನನ್ನ ಜೆಸಿಬಿ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ತಿಂಗಳುಗಟ್ಟಲೆ ಮೋಟರ್ ಓಡಿಸುವ ಬದಲು ಮಣ್ಣೇ ತೆಗೆದರೆ ಆಯಿತಲ್ಲ?

ಬಂಕ್_ಹಳಬ:
ಶಿವಮೊಗ್ಗದ ಒಂದು ಬಂಕಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ, ಅದಕ್ಕೆ ಹೇಳುತ್ತೇನೆ. ಟ್ಯಾಂಕ್ ಇರುವುದು ನೆಲದೊಳಗೆ. ಪಕ್ಕದಲ್ಲೇ ಮೇಲ್ಚಾವಣಿಯ ಕಂಬಗಳ ಪಾಯ, ವೈರು, ಪೈಪು. ಅಲ್ಲಿ ಆಳಕ್ಕೆ ಜೆಸಿಬಿ ಹಾಕುವಂತಿಲ್ಲ. ಬಕೆಟ್ ಕಲ್ಲಿಗೆ ತಾಗಿ ಒಂದು ಕಿಡಿ ಹಾರಿದರೆ ಮುಗಿಯಿತು. ಗಾಳಿಯಲ್ಲಿ ಪೆಟ್ರೋಲ್ ಆವಿ ನೂರಕ್ಕೆ ಒಂದೂವರೆ ಪಾಲು ಇದ್ದರೂ ಹೊತ್ತಿಕೊಳ್ಳುತ್ತದೆ.

ಸೋರಿಕೆ ಬಗ್ಗೆಯೂ ಹೇಳಬೇಕು. ಪ್ರತಿ ದಿನ ಬೆಳಿಗ್ಗೆ ಟ್ಯಾಂಕಿಗೆ ಡಿಪ್ ರಾಡ್ ಹಾಕಿ ಅಳೆದು ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಮಾರಿದ ಲೆಕ್ಕಕ್ಕೂ ಉಳಿದ ಲೆಕ್ಕಕ್ಕೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ, ಸ್ವಲ್ಪ ಆವಿಯಾಗುತ್ತದೆ. ಅದಕ್ಕೆ ಸಣ್ಣ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ದಿನಕ್ಕೆ ಐದು ಲೀಟರ್ ಅಂದರೂ ತಿಂಗಳಿಗೆ 150 ಲೀಟರ್. ಆ ರಿಜಿಸ್ಟರಿನ ನಕಲು ಸಿಗುವಂತೆ ಮಾಡಿ. ಯಾವ ತಿಂಗಳಿಂದ ಕೊರತೆ ಒಂದೇ ಸಮ ಬರುತ್ತಿದೆ ಅಂತ ನೋಡಿದರೆ ಎಷ್ಟು ದಿನದಿಂದ ಸೋರುತ್ತಿತ್ತು ಅನ್ನುವುದು ಗೊತ್ತಾಗುತ್ತದೆ.

ಹೊಸನಗರ_ಮೇಷ್ಟ್ರು:
ರಿಪ್ಪನ್‌ಪೇಟೆಯವರೇ, ತೆಗೆದ ಮಣ್ಣನ್ನು ಎಲ್ಲಿ ಹಾಕುತ್ತೀರಿ? ಲಾರಿ ತುಂಬಿಸಿ ಯಾವುದೋ ಗುಡ್ಡದ ಬುಡಕ್ಕೆ ಸುರಿದರೆ ಅಲ್ಲಿಯ ಬಾವಿ ಹಾಳು. ಇವರ ಮನೆಯ ಕಷ್ಟ ಇನ್ನೊಬ್ಬರ ಮನೆಗೆ ಹೋದ ಹಾಗಾಯಿತು ಅಷ್ಟೇ.

150 ಲೀಟರ್ ಅಂದರೆ ಏನು ಅಂತ ಒಂದು ಲೆಕ್ಕ ಹಾಕಿದೆ. ಈಗಿನ ಪೆಟ್ರೋಲಿನಲ್ಲಿ ಬೆಂಜೀನ್ ನೂರಕ್ಕೆ ಒಂದು ಪಾಲಿನವರೆಗೆ ಇರಬಹುದು. ಒಂದು ಲೀಟರಿನಲ್ಲಿ 10 ಮಿಲಿಲೀಟರ್, ತೂಕ ಸುಮಾರು 8.8 ಗ್ರಾಂ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಭಾಗಿಸಿ ನೋಡಿ. ಒಂದೇ ಲೀಟರ್ ಪೆಟ್ರೋಲಿನ ಬೆಂಜೀನ್ 8 ಲಕ್ಷ ಲೀಟರಿಗೂ ಜಾಸ್ತಿ ನೀರನ್ನು ಮಿತಿಗೆ ಮುಟ್ಟಿಸಬಲ್ಲದು. ವಾಸನೆ ಹೋಯಿತು ಅಂತ ಕುಡಿಯಲು ಶುರು ಮಾಡಬೇಡಿ. ಬೆಂಜೀನ್ ಮೂಗಿಗೆ ಗೊತ್ತಾಗುವ ಹೊತ್ತಿಗೆ ಮಿತಿ ಎಷ್ಟೋ ಪಟ್ಟು ದಾಟಿರುತ್ತದೆ.

ರಿಪ್ಪನ್‌ಪೇಟೆ_ರೈತ:
ಮಣ್ಣು ಹಾಕುವ ಜಾಗದ ಮಾತು ಒಪ್ಪಿದೆ, ಅದನ್ನು ಯೋಚಿಸಿರಲಿಲ್ಲ. ಆದರೆ ಜಾಯಿಂಟ್ ಹತ್ತಿರದ, ಪೆಟ್ರೋಲ್ ತೊಟ್ಟಿಕ್ಕುವ ಮಣ್ಣನ್ನಾದರೂ ತೆಗೆಯಲೇಬೇಕು. ಅದನ್ನು ಬಿಟ್ಟು ಸುತ್ತ ಗಾಳಿ ಎಳೆದರೆ ಏನು ಬಂತು?

ಬ್ಲೋವರ್_ಭದ್ರಾವತಿ:
ಅದು ಸರಿ. ಕೈಗೆ ಸಿಗುವಷ್ಟನ್ನು ಎಚ್ಚರಿಕೆಯಿಂದ ತೆಗೆದು, ಮುಚ್ಚಿದ ಡ್ರಮ್ಮಿನಲ್ಲಿ ತುಂಬಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಪರವಾನಗಿ ಇರುವವರಿಗೇ ಕೊಡಬೇಕು. ಉಳಿದದ್ದಕ್ಕೆ ಎಸ್‌ವಿಇ.

ಕೊಪ್ಪದ_ಸೊಸೆ:
ಡೀಸೆಲ್ ಸೋರಿದ್ದರೂ ಇದೇ ವಿಧಾನವಾ? ನಮ್ಮ ತವರುಮನೆ ಹತ್ತಿರ ಜನರೇಟರಿನ ಡೀಸೆಲ್ ಬ್ಯಾರೆಲ್ ಸೋರಿ ಅಂಗಳದ ಮೂಲೆಯಲ್ಲಿ ಹುಲ್ಲೂ ಹುಟ್ಟುತ್ತಿಲ್ಲ. ಹಿಂದೆ ಸೊಳ್ಳೆ ಆಗಬಾರದು ಅಂತ ನಿಂತ ನೀರಿಗೆ ಸೀಮೆಎಣ್ಣೆ ಹಾಕುತ್ತಿದ್ದರಲ್ಲ, ಆಗ ಯಾರಿಗೂ ಏನೂ ಆಗಲಿಲ್ಲ ಅಂತ ಅಜ್ಜಿ ವಾದ ಮಾಡುತ್ತಾರೆ.

ಬ್ಲೋವರ್_ಭದ್ರಾವತಿ:
ಅಜ್ಜಿಗೆ ಹೇಳಿ ಅಕ್ಕ, ಆ ಸೀಮೆಎಣ್ಣೆ ಹಾಕುತ್ತಿದ್ದದ್ದು ಗುಂಡಿ, ಚರಂಡಿಗೆ. ಕುಡಿಯುವ ಬಾವಿಗೆ ಯಾರೂ ಹಾಕುತ್ತಿರಲಿಲ್ಲ.

ಡೀಸೆಲ್, ಸೀಮೆಎಣ್ಣೆ ಪೆಟ್ರೋಲಿನಷ್ಟು ಬೇಗ ಆವಿಯಾಗುವುದಿಲ್ಲ. ಎಷ್ಟು ಎಳೆದರೂ ಬರುವುದು ಕಡಿಮೆ. ಅದಕ್ಕೆ ಬೇರೆ ದಾರಿ ಇದೆ. ಅಮೆರಿಕದ ಯೂಟಾ ರಾಜ್ಯದ ಹಿಲ್ ವಾಯುನೆಲೆಯಲ್ಲಿ 1985ರಲ್ಲಿ ವಿಮಾನದ ಇಂಧನ ಸುಮಾರು 1 ಲಕ್ಷ ಲೀಟರ್ ಚೆಲ್ಲಿತ್ತು. ಅಲ್ಲಿ ಎಸ್‌ವಿಇ ಓಡಿಸುವಾಗ ಒಂದು ಸಂಗತಿ ಕಂಡರು. ಇಂಧನದ ಒಂದು ದೊಡ್ಡ ಪಾಲು ಆವಿಯಾಗಿ ಹೊರಬಂದದ್ದಲ್ಲ, ಮಣ್ಣೊಳಗಿನ ಬ್ಯಾಕ್ಟೀರಿಯಾಗಳೇ ತಿಂದು ಮುಗಿಸಿದ್ದವು. ಬ್ಲೋವರ್ ಎಳೆದಾಗ ಒಳಗೆ ಹೋದ ಹೊಸ ಗಾಳಿಯ ಆಮ್ಲಜನಕ ಅವಕ್ಕೆ ಸಿಕ್ಕಿತ್ತು. ಆಮೇಲೆ ಬೇಕೆಂದೇ ನಿಧಾನವಾಗಿ ಗಾಳಿ ಆಡಿಸಿ ಅವುಗಳ ಕೈಲಿ ಕೆಲಸ ಮಾಡಿಸುವ ವಿಧಾನ ಬೆಳೆಯಿತು. ಬಯೋವೆಂಟಿಂಗ್ ಅನ್ನುತ್ತಾರೆ. ನಿಮ್ಮ ಅಂಗಳದ ಮೂಲೆಗೆ ಅಷ್ಟೂ ಬೇಡ. ಸಣ್ಣ ಜಾಗ ಆದರೆ ಆ ಮಣ್ಣನ್ನು ಪ್ಲಾಸ್ಟಿಕ್ ಹಾಳೆ ಮೇಲೆ ಹರಡಿ, ಮಳೆ ಬೀಳದ ಹಾಗೆ ಚಪ್ಪರ ಹಾಕಿ, ಗೊಬ್ಬರ ಬೆರೆಸಿ ತಿರುವುತ್ತಾ ಇದ್ದರೆ ನಿಧಾನವಾಗಿ ಕಡಿಮೆಯಾಗುತ್ತದೆ.

ಶರಾವತಿ_ಎಡದಂಡೆ:
ಈಗ ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥನಾಲ್ ಸೇರಿಸುತ್ತಾರೆ. ಎಥನಾಲ್ ಬೇಗ ಕರಗಿ ಹೋಗುತ್ತದೆ, ಹಾಗಾಗಿ ಅಪಾಯ ಕಡಿಮೆ ಅಂತ ಎಲ್ಲೋ ಓದಿದೆ.

ಹೊಸನಗರ_ಮೇಷ್ಟ್ರು:
ಉಲ್ಟಾ ಆಗುವ ಸಾಧ್ಯತೆ ಇದೆ. ಬ್ಯಾಕ್ಟೀರಿಯಾಗಳಿಗೆ ಎಥನಾಲ್ ಸುಲಭದ ಊಟ. ಮೊದಲು ಅದನ್ನು ತಿಂದು ಅಲ್ಲಿರುವ ಆಮ್ಲಜನಕ ಪೂರ್ತಿ ಖರ್ಚು ಮಾಡುತ್ತವೆ. ಬೆಂಜೀನ್ ಹಾಗೇ ಉಳಿದು ನೀರಿನ ಜೊತೆ ಇನ್ನೂ ದೂರ ಹೋಗುತ್ತದೆ.

ಮಂಡಗದ್ದೆ_ಹಕ್ಕಿ:
ಒಂದು ವಿಷಯ ಯಾರೂ ಹೇಳಿಲ್ಲ. ನಿಮ್ಮ ಬಚ್ಚಲು ಒಲೆ! ಮಲೆನಾಡ ಮನೆಗಳಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಅಲ್ಲಿ ಕೆಂಡ ಇರುತ್ತದೆ. ಆವಿ ಭಾರ ಅಂತ ಮೇಷ್ಟ್ರು ಹೇಳಿದರು. ಮಣ್ಣೊಳಗಿಂದ ನೆಲದ ಬಿರುಕಲ್ಲಿ, ಬಚ್ಚಲ ಮೋರಿಯಲ್ಲಿ ಮನೆ ಒಳಗೆ ಬರಬಹುದು. 2009ರ ಅಕ್ಟೋಬರಿನಲ್ಲಿ ಜೈಪುರದ ಸೀತಾಪುರ ಡಿಪೋದಲ್ಲಿ ಸೋರಿದ ಪೆಟ್ರೋಲಿನ ಆವಿ ನೆಲದ ಮೇಲೆ ಹರಡಿಕೊಂಡು ಸ್ಫೋಟವಾಗಿದ್ದು ನೆನಪಿದೆಯಾ? ಇದು ಅಷ್ಟು ದೊಡ್ಡದಲ್ಲ, ಆದರೂ ಆವಿಯ ಗುಣ ಅದೇ. ಬಚ್ಚಲಲ್ಲಿ ವಾಸನೆ ಬರುತ್ತಿದೆಯಾ ಅಂತ ನೋಡಿ.

ಬಾವಿಮನೆ_ತೀರ್ಥಹಳ್ಳಿ:
ಈಗ ಹೋಗಿ ಮೋರಿ ಬಾಯಿ ಹತ್ತಿರ ಕೂತು ನೋಡಿ ಬಂದೆ. ವಾಸನೆ ಇಲ್ಲ. ಆದರೂ ಒಲೆ ಆರಿಸಿ, ಕಿಟಕಿ ತೆರೆದಿಟ್ಟಿದ್ದೇನೆ. ನೀರು ಚಿಕ್ಕಪ್ಪನ ಮನೆಯಿಂದ ತರುತ್ತಿದ್ದೇವೆ. ಅಡಿಕೆಯನ್ನೂ ಅಲ್ಲೇ ಬೇಯಿಸುವುದು ಅಂತ ತೀರ್ಮಾನ ಆಯಿತು. ಅಪ್ಪನನ್ನು ಕೇಳಿದೆ, ಬಾವಿ ತೋಡುವಾಗ 22 ಅಡಿಗೆ ಶೇಡಿ ಸಿಕ್ಕಿತ್ತಂತೆ. ಇವತ್ತು ನೀರು ಇರುವುದು 17 ಅಡಿಯಲ್ಲಿ.

ಬ್ಲೋವರ್_ಭದ್ರಾವತಿ:
ಹಾಗಾದರೆ ಮೇಲಿನ 17 ಅಡಿ ಮಣ್ಣಿಗೆ ಗಾಳಿ ಎಳೆಯಬಹುದು, ಏಪ್ರಿಲ್ ಹೊತ್ತಿಗೆ ನೀರು ಇಳಿದಂತೆ ಇನ್ನೂ ಕೆಳಗಿನವರೆಗೆ. ಆದರೆ ನೀರಲ್ಲಿ ಕರಗಿದ್ದು ಎಸ್‌ವಿಇಯಿಂದ ಹೋಗುವುದಿಲ್ಲ. ಅದಕ್ಕೆ ಬೇಕಾದರೆ ನೀರಿನ ಮಟ್ಟದ ಕೆಳಗೆ ಗಾಳಿ ಊದಿ, ಗುಳ್ಳೆ ಜೊತೆ ಮೇಲೆ ಬಂದ ಆವಿಯನ್ನು ಈ ಪೈಪಿನಲ್ಲಿ ಹಿಡಿಯುತ್ತಾರೆ. ಏರ್ ಸ್ಪಾರ್ಜಿಂಗ್ ಅಂತ ಹೆಸರು. ಗುತ್ತಿಗೆದಾರರು ಮಣ್ಣಿನ ಬಗ್ಗೆ ಮಾತ್ರ ಹೇಳಿ ಬಾವಿ ಬಗ್ಗೆ ಸುಮ್ಮನಿದ್ದರೆ ಅದನ್ನು ಒತ್ತಿ ಕೇಳಿ.

ಮೊದಲ ವಾರಗಳಲ್ಲಿ ತುಂಬಾ ಆವಿ ಬರುತ್ತದೆ, ಎಲ್ಲರಿಗೂ ಖುಷಿ. ಆಮೇಲೆ ಕಡಿಮೆಯಾಗುತ್ತಾ ಬರುತ್ತದೆ. ಆಗ "ಮುಗಿಯಿತು" ಅಂತ ಯಂತ್ರ ಬಿಚ್ಚಿಕೊಂಡು ಹೋಗಲು ನೋಡುತ್ತಾರೆ. ಬಿಡಬೇಡಿ. ಬ್ಲೋವರ್ ನಿಲ್ಲಿಸಿ ಕೆಲವು ವಾರ ಹಾಗೇ ಬಿಟ್ಟು ಮತ್ತೆ ಅಳೆಯಬೇಕು. ಗಟ್ಟಿ ಮಣ್ಣಲ್ಲಿ ಉಳಿದದ್ದು ನಿಧಾನವಾಗಿ ಹೊರಗೆ ಬರುತ್ತದೆ, ಅಂಕಿ ಮತ್ತೆ ಏರುತ್ತದೆ. ಏರಿದರೆ ಕೆಲಸ ಮುಗಿದಿಲ್ಲ. ನಿಮ್ಮಲ್ಲಿ ಮುಂದಿನ ಮಳೆಗಾಲ ಕಳೆದ ಮೇಲೂ ಒಂದು ಸಲ ಅಳೆಯಲೇಬೇಕು.

ಶರಾವತಿ_ಎಡದಂಡೆ:
ಬ್ಲೋವರ್ ರಾತ್ರಿ ಪೂರ್ತಿ ಸದ್ದು ಮಾಡುತ್ತದಾ? ಕರೆಂಟ್ ಹೋದರೆ?

ಬ್ಲೋವರ್_ಭದ್ರಾವತಿ:
ಸದ್ದು ಇರುತ್ತದೆ, ಪೆಟ್ಟಿಗೆ ಕಟ್ಟಿ ಮುಚ್ಚಿದರೆ ಸಹಿಸಬಹುದು. ಮೋಟರ್, ಸ್ವಿಚ್ ಎಲ್ಲ ಕಿಡಿ ಹಾರದ ರೀತಿಯವೇ ಆಗಿರಬೇಕು. ಕರೆಂಟ್ ಹೋದರೆ ಬಂದಾಗ ಮತ್ತೆ ಶುರು ಮಾಡಿದರಾಯಿತು, ಅದರಿಂದ ನಷ್ಟ ಇಲ್ಲ. ಇದ್ದಿಲಿನ ಡ್ರಮ್ ಮಾತ್ರ ನೋಡುತ್ತಿರಬೇಕು. ತುಂಬಿದ ಮೇಲೆ ಅದು ಏನನ್ನೂ ಹಿಡಿಯುವುದಿಲ್ಲ, ಆವಿ ಪೂರ್ತಿ ನಿಮ್ಮ ಅಂಗಳಕ್ಕೇ ಬರುತ್ತದೆ.

ವಕೀಲೆ_ಶಿವಮೊಗ್ಗ:
ಬಾಯಿ ಮಾತಲ್ಲಿ ಏನನ್ನೂ ಇಡಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಶಿವಮೊಗ್ಗ ಕಚೇರಿಗೆ, ಜಿಲ್ಲಾಧಿಕಾರಿಗೆ, ನಿಮ್ಮ ಗ್ರಾಮ ಪಂಚಾಯ್ತಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕಲುಷಿತ ಜಾಗಗಳ ಬಗ್ಗೆಯೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ತಂದಿದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ. ಕೆಡಿಸಿದವರೇ ಶುದ್ಧ ಮಾಡುವ ಖರ್ಚು ಹೊರಬೇಕು ಅನ್ನುವುದು ಅದರಲ್ಲಿದೆ. ಸುಪ್ರೀಂ ಕೋರ್ಟ್ 1996ರಲ್ಲೇ ಈ ಮಾತು ಹೇಳಿತ್ತು, ಅದೂ ಬಾವಿಗಳ ವಿಷಯದಲ್ಲೇ. ರಾಜಸ್ಥಾನದ ಬಿಛ್ರಿ ಗ್ರಾಮದ ಬಾವಿಗಳು ಕಾರ್ಖಾನೆ ತ್ಯಾಜ್ಯದಿಂದ ಹಾಳಾಗಿದ್ದವು.

ಸಹಿ ಹಾಕುವ ಕಾಗದದಲ್ಲಿ ಶುದ್ಧ ಆಗುವವರೆಗೆ ಕುಡಿಯುವ ನೀರು ಯಾರು ಕೊಡುತ್ತಾರೆ, ಅಳತೆಯ ವರದಿ ನಿಮಗೂ ಕೊಡುತ್ತಾರಾ ಅನ್ನುವುದು ಇರಲೇಬೇಕು. "ಮುಂದೆ ಯಾವ ತಕರಾರೂ ಇಲ್ಲ" ಅನ್ನುವ ಸಾಲು ಇದ್ದರೆ ಸಹಿ ಹಾಕಬೇಡಿ.

ಬಾವಿಮನೆ_ತೀರ್ಥಹಳ್ಳಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾಗದ ತೆಗೆದು ನೋಡಿದೆ, ಮೇಡಂ ಹೇಳಿದ ಆ ಸಾಲು ಎರಡನೇ ಪುಟದಲ್ಲಿ ಇದೆ! ವಾಪಸ್ ಕೊಟ್ಟಿದ್ದೇನೆ. ಪರೀಕ್ಷೆಯ ಪೈಪ್ ಒಂದನ್ನು ಮೊದಲು ಹಾಕಲಿ, ಜನವರಿ ಒಳಗೆ ಯಂತ್ರ ಓಡಲಿ, ಮಳೆಗಾಲ ಕಳೆದ ಮೇಲೂ ಅಳೆಯಲಿ ಅಂತ ಬರೆದು ಕೊಟ್ಟೆ. ದೂರನ್ನೂ ಕೊಟ್ಟಾಯಿತು. ಸೋಮವಾರ ನೀರಿನ ಸ್ಯಾಂಪಲ್ ತೆಗೆದುಕೊಂಡು ಲ್ಯಾಬಿಗೆ ಹೋಗುತ್ತೇನೆ. ಮನೆಯಲ್ಲಿ ಎರಡು ಲೀಟರಿನ ನೀರಿನ ಬಾಟಲಿ ಇದೆ, ಅದು ಸಾಕಾ?

ಹೊಸನಗರ_ಮೇಷ್ಟ್ರು:
ಪ್ಲಾಸ್ಟಿಕ್ ಬಾಟಲಿ ಬೇಡ. ಲ್ಯಾಬಿನವರಿಗೆ ಫೋನ್ ಮಾಡಿ, ಬೆಂಜೀನ್ ಪರೀಕ್ಷೆಗೆ 40 ಮಿಲಿಲೀಟರಿನ ಗಾಜಿನ ಸೀಸೆ ಕೊಡುತ್ತಾರೆ. ಒಳಗೆ ಆ್ಯಸಿಡ್ ಹನಿ ಹಾಕಿ ಕೊಟ್ಟಿದ್ದರೆ ತೊಳೆಯಬೇಡಿ. ನಿಧಾನವಾಗಿ ಅಂಚಿನವರೆಗೆ ತುಂಬಿ ಮುಚ್ಚಳ ಹಾಕಿ, ತಲೆಕೆಳಗು ಮಾಡಿ ನೋಡಿ. ಒಂದು ಗುಳ್ಳೆಯೂ ಕಾಣಬಾರದು. ಕಂಡರೆ ಲ್ಯಾಬಿನವರು ಹೇಳಿದ ಹಾಗೆ ಬೇರೆ ಸೀಸೆಯಲ್ಲಿ ತೆಗೆಯಿರಿ. ಐಸ್ ತುಂಬಿದ ಡಬ್ಬಿಯಲ್ಲಿಟ್ಟು ಅವತ್ತೇ ತಲುಪಿಸಿ.

ಮಂಡಗದ್ದೆ_ಹಕ್ಕಿ:
ಸೋಮವಾರ ನಾನೂ ಶಿವಮೊಗ್ಗಕ್ಕೆ ಹೋಗುವವಳಿದ್ದೇನೆ. ಮೀನಿಗೆ ಅಂತ ಇಟ್ಟ ಐಸ್ ಪೆಟ್ಟಿಗೆ ಮನೆಯಲ್ಲಿದೆ, ತೊಳೆದು ತರುತ್ತೇನೆ. ಮಂಡಗದ್ದೆ ಬಸ್ ಸ್ಟಾಪಿನಲ್ಲಿ ಬೆಳಿಗ್ಗೆ ಎಂಟಕ್ಕೆ ಸಿಗಿ.